ಮಾನ್ವಿ ದಾರಿಯಲ್ಲಿ ಮಾತ್ರ ಹಿಡಿಯದ ಬ್ರೇಕು

ವ್ಯಾನಿನ ಬ್ರೇಕಿಗೆ ಬಂದ ರೋಗ ಯಾವುದೆಂದು ತಾನೇ ಪತ್ತೆ ಹಚ್ಚಿ, ತಾನೇ ವಾಸಿ ಮಾಡಿಸಿ, ಹೆಂಡತಿಯ ತಮ್ಮ ಪರ್ವೇಜನ ಮೂಗಿನ ನೇರಕ್ಕೆ ತಂದು ಗಕ್ಕನೆ ನಿಲ್ಲಿಸದಿದ್ದರೆ ತನ್ನ ಹೆಸರು ಮೌಲಾಹುಸೇನನೇ ಅಲ್ಲ ಎಂದು ಮೌಲಾಹುಸೇನ ಘೋರ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆ ನಡೆದದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರ ಇರುವ ಅವನ ಗಾದಿ ಅಂಗಡಿಯಲ್ಲಿ. ಸಾಕ್ಷಿಗೆ ಅರ್ಧ ತುಂಬಿದ ಒಂದು ಗಾದಿ ಇತ್ತು. ಅದು ಏನೂ ಹೇಳಲಿಲ್ಲ.

ಗಾದಿಯ ವಿಷಯದಲ್ಲಿ ಮೌಲಾಹುಸೇನ ಸಾಮಾನ್ಯ ಮನುಷ್ಯನಲ್ಲ. ಅಂಗೈ ಇಟ್ಟು ಒಮ್ಮೆ ಒತ್ತಿದರೆ ಸಾಕು, ಒಳಗಿನ ಅರಳೆ ಹೊಸದೋ ಹಳೆಯದೋ, ನಮ್ಮ ಕಡೆಯದೋ ಆದೋನಿ ಕಡೆಯದೋ, ನಡುವೆ ಯಾರಾದರೂ ಹಳೇ ಸೀರೆ ತುರುಕಿದ್ದಾರೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಒಮ್ಮೆ ಯಾರದೋ ಗಾದಿ ಒತ್ತಿ, ಒಳಗೆ ಕೈಗಡಿಯಾರ ಇದೆ ಎಂದನಂತೆ. ಬಿಚ್ಚಿ ನೋಡಿದರೆ ಗಡಿಯಾರ ಇತ್ತು, ನಡೆಯುತ್ತಲೂ ಇತ್ತು. ಇದು ಅವನೇ ಹೇಳುವ ಕಥೆ. ಆ ಗಿರಾಕಿಯನ್ನು ಕಂಡವರಿಲ್ಲ. ಆದರೂ "ಮುಟ್ಟಿದ್ರ ಸಾಕು, ನನ್ ಕೈ ಸುಳ್ಳ ಹೇಳಂಗಿಲ್ಲ" ಎಂಬ ಅವನ ಮಾತನ್ನು ಪೇಟೆಯಲ್ಲಿ ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಮನೆಯಲ್ಲಿ ಅವನೂ ಹೆಂಡತಿ ದಿಲ್ಶಾದಳೂ ಆಡುವುದು ದಖ್ಖನಿ. ಆದರೆ ದಖ್ಖನಿಯಲ್ಲಿ ಜಗಳವಾಡಿದರೆ ಓಣಿಗೆಲ್ಲ ತಿಳಿಯುತ್ತದೆಂದು ಸಿಟ್ಟು ಬಂದಾಗ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು. ಓಣಿಗೆ ಕನ್ನಡವೂ ಬರುತ್ತಿತ್ತು ಎಂಬುದು ಬೇರೆ ಮಾತು. ಈ ಕಥೆಯಲ್ಲಿ ಅವರ ಮಾತೆಲ್ಲ ಕನ್ನಡದಲ್ಲೇ ಇರುವುದರಿಂದ ಮನೆಯ ಪರಿಸ್ಥಿತಿ ಹೇಗಿತ್ತೆಂದು ಓದುಗರು ಊಹಿಸಿಕೊಳ್ಳಬಹುದು.

ವ್ಯಾನು ಅವನ ಅಪ್ಪ ಕೊಂಡದ್ದು. ಗಾದಿಗಳನ್ನು ತಳ್ಳುಗಾಡಿಯಿಂದ ಇಳಿಸಿ ವ್ಯಾನಿಗೆ ಏರಿಸಿದ ದಿನ ಅಪ್ಪ ಅದರ ಬೆನ್ನಿನ ಮೇಲೆ ಸ್ವಂತ ಕೈಯಿಂದ 'ಗಾದಿ ಭಂಡಾರ' ಎಂದು ಬರೆದಿದ್ದ. ಜಾಗದ ಅಂದಾಜು ತಪ್ಪಿ ಕೊನೆಯ 'ರ' ಅಕ್ಷರ ಹಿಂದಿನ ದೀಪದ ಮೇಲೆ ಹತ್ತಿತ್ತು. ಅಪ್ಪ ತೀರಿಹೋದ ಮೇಲೂ ಮೌಲಾಹುಸೇನ ಅದಕ್ಕೆ ಬಣ್ಣ ಬಳಿಸಿರಲಿಲ್ಲ. ಬ್ರೇಕ್ ಹಾಕಿದಾಗ 'ರ' ಕೆಂಪಗೆ ಹೊಳೆಯುವುದು ಅವನಿಗೆ ಇಷ್ಟ. ಕೈಬ್ರೇಕು ಅಪ್ಪನ ಕಾಲದಲ್ಲೇ ನಿವೃತ್ತಿಯಾಗಿತ್ತು. ಎಂಜಿನ್ ಕಾದಾಗ ಬಂದ್ ಮಾಡಿದರೆ ತಣ್ಣಗಾಗುವವರೆಗೆ ಮತ್ತೆ ಶುರುವಾಗುತ್ತಿರಲಿಲ್ಲ, ತಳ್ಳಲು ಜನ ಬೇಕಾಗುತ್ತಿತ್ತು. ಇಷ್ಟಾದರೂ ಯಾರಾದರೂ ವ್ಯಾನನ್ನು ಗುಜರಿ ಎಂದರೆ ಅಪ್ಪನನ್ನೇ ಅಂದಷ್ಟು ಅವನಿಗೆ ನೋಯುತ್ತಿತ್ತು.

ರೋಗ ಮಾತ್ರ ವಿಚಿತ್ರವಾಗಿತ್ತು. ಗಾದಿ ಹೇರಿಕೊಂಡು ದೇವದುರ್ಗಕ್ಕೆ, ಅಕ್ಕ ತಹಮೀನಾಳ ಊರಿಗೆ ಹೋದರೆ ಬ್ರೇಕು ಬಂಗಾರ. ಬೆರಳು ತಾಗಿಸಿದಂತೆ ಕಾಲು ತಾಗಿಸಿದರೂ ನಿಲ್ಲುತ್ತಿತ್ತು. ಯರಗೇರಾಕ್ಕೆ ಹೋದರೂ ಅಷ್ಟೇ. ಆದರೆ ದಿಲ್ಶಾದಳನ್ನು ಕೂರಿಸಿಕೊಂಡು ಅವಳ ತವರೂರು ಮಾನ್ವಿಯ ದಾರಿ ಹಿಡಿದರೆ ಸಾಕು, ಬ್ರೇಕು ಕೈಕೊಡುತ್ತಿತ್ತು. ಹೋಗುವಾಗ ಅರ್ಧ ಹಿಡಿದರೆ ಬರುವಾಗ ಅದರಲ್ಲೂ ಅರ್ಧ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಕೆಡುಕು.

ಹೋದ ಸಲವಂತೂ ಮಾವನ ಮನೆಯ ಬಾಗಿಲಿಗೆ ಬಂದ ವ್ಯಾನು ಅಲ್ಲಿ ನಿಲ್ಲದೆ, ನಿಧಾನಕ್ಕೆ, ಯಾರ ಮೇಲೂ ಸಿಟ್ಟಿಲ್ಲದಂತೆ ಮುಂದೆ ಸಾಗಿ, ಪಕ್ಕದವರ ಬೇವಿನ ಮರದ ಬುಡಕ್ಕೆ ಹೋಗಿ ಮುಖ ಒರಗಿಸಿತ್ತು. ಹಳೇ ಗಾಡಿಗಳ ವ್ಯಾಪಾರ ಮಾಡುವ ಪರ್ವೇಜ್ ಅಲ್ಲೇ ನಿಂತಿದ್ದ. ಅಕ್ಕನ ಗಂಡನನ್ನು ಅವನು 'ದುಲ್ಹೇಭಾಯಿ' ಎಂದು ಕರೆಯುತ್ತಿದ್ದ, ಗೌರವದಿಂದಲೇ.

"ದುಲ್ಹೇಭಾಯಿ, ಮನಿ ಹಿಂದ ಉಳೀತಲ್ರಿ."

"ನೆರಳಿಗೆ ಹಚ್ಚೀನಿ."

"ಮರಕ್ಕ ಹಚ್ಚೀರಿ."

ಹಿತ್ತಲಿನಲ್ಲಿ ಚಹಾ ಕುಡಿಯುವಾಗ ಪರ್ವೇಜ್ ಕರಾರು ಹೇಳಿದ. "ನನ್ ಮಗಳು ಗುಲ್ಫಶಾಳ ಅಕೀಕಾ ಬರಾಕತ್ಯದ. ಕೂಸಿನ ಕೂದ್ಲ ತಗಿಯೋ ಕಾರ್ಯಕ್ಕ ನಮ್ ಮಂದಿ ಎಲ್ಲಾ ಬರ್ತಾರ. ಅವತ್ತು ಬಾಗ್ಲ ಮುಂದ ಒಂದು ಸುಣ್ಣದ ಗೆರಿ ಎಳೀತೀನಿ. ಗೆರಿಗೆ ನಿಂತ್ರ ನಾ ಬಾಯಿ ಮುಚ್ಕೋತೀನಿ. ಬ್ರೇಕ್ ಹಿಡೀಲಿಲ್ಲ ಅಂದ್ರ ಚಾವಿ ನನ್ ಕೈಯಾಗ. ಮರುದಿನಾನ ಗುಜರಿಗೆ."

"ಆಗಲಿ. ಆದ್ರ ಈ ಮಾತು ನಿಮ್ ಅಕ್ಕನ ಕಿವಿಗೆ ಬೀಳಬಾರ್ದು."

ಬ್ರೇಕಿನ ಸುದ್ದಿ ದಿಲ್ಶಾದಳಿಗೆ ಗೊತ್ತೇ ಇರಲಿಲ್ಲ. ಮೌಲಾಹುಸೇನ ಹೇಳಿರಲಿಲ್ಲ, ಮರದ ಬುಡಕ್ಕೆ ಹೋದದ್ದೂ ನೆರಳಿಗೆಂದೇ ಅವಳು ನಂಬಿದ್ದಳು. ಹೇಳಿದರೆ ಅವಳು ಅಂದಿನಿಂದಲೇ ಬಸ್ಸಿಗೆ ಹೋಗುತ್ತಾಳೆ, ಮತ್ತು ಸಾಯುವವರೆಗೂ ಆ ಬಸ್ಸಿನ ಸುದ್ದಿ ತಾನು ಕೇಳಬೇಕಾಗುತ್ತದೆ ಎಂಬುದು ಅವನ ಭಯ.

ಪ್ರತಿಜ್ಞೆಯ ಮರುದಿನ ಅವನು ವ್ಯಾನನ್ನು ಗಂಜ್ ರಸ್ತೆಯ ಮಲ್ಲಯ್ಯನ ಗ್ಯಾರೇಜಿಗೆ ಒಯ್ದ. ಮಲ್ಲಯ್ಯ ಸೀಟಿನ ಮೇಲೆ ಕೂತು ಬ್ರೇಕು ತುಳಿದ. ಮತ್ತೆ ತುಳಿದ. ಮೌಲಾಹುಸೇನನ ಮುಖ ನೋಡಿದ.

"ಚಲೋ ಅದಲ್ರಿ ಮೌಲಾಸಾಬ್ರೇ."

"ಇಲ್ಲಿ ಚಲೋ ಅದ. ಮಾನ್ವಿಗೆ ಹೋಗಾಗ ಕೆಡ್ತದ."

"ಕೆಟ್ಟಾಗ ಹೆಂಗ ಆಗ್ತದ, ಬಿಡಿಸಿ ಹೇಳ್ರಿ."

ಮೌಲಾಹುಸೇನ ಕಣ್ಣು ಮುಚ್ಚಿ ನೆನೆಸಿಕೊಂಡ. "ತುಳದ್ರ ಮೆತ್ತಗ ಇಳೀತದ. ಸ್ವಲ್ಪ ಇಳದು ಆಮ್ಯಾಲ ತಡೀತದ. ತಡದ್ರೂ ಒಂಥರಾ ಮೆತ್ತಗ. ಗಾದಿ ಮ್ಯಾಲ ಕಾಲಿಟ್ಟಂಗ."

"ಗಾಳಿ!" ಎಂದ ಮಲ್ಲಯ್ಯ. "ಪೈಪಿನ್ಯಾಗ ಗಾಳಿ ಸೇರ್ಯದ. ಮೆತ್ತಗಂದ್ರ ಗಾಳೀನ."

ಗಾಳಿ ತೆಗೆಸಿದ್ದಾಯಿತು. ಮಾನ್ವಿಯಲ್ಲಿ ಯಾರಿಗೋ ನಿಶ್ಚಿತಾರ್ಥವಾಯಿತು, ದಂಪತಿ ಹೋಗಿ ಬಂದರು, ಬ್ರೇಕು ಹಿಡಿಯಲಿಲ್ಲ. ಬ್ರೇಕ್ ಆಯಿಲ್ ಬದಲಾಯಿತು. ಯಾರದೋ ಮದುವೆ ಬಂತು, ಹೋದರು, ಹಿಡಿಯಲಿಲ್ಲ. ನಾಲ್ಕೂ ಗಾಲಿ ಬಿಚ್ಚಿ ಬ್ರೇಕ್ ಶೂ ಹೊಸದು ಕೂರಿಸಿದರು. ಯಾರಿಗೋ ಮೊಮ್ಮಗ ಹುಟ್ಟಿದ, ಹೋದರು, ಹಿಡಿಯಲಿಲ್ಲ. ಕೊನೆಗೆ ಮಾಸ್ಟರ್ ಸಿಲಿಂಡರನ್ನೇ ಕಿತ್ತು ಬೇರೆ ಹಾಕಿದರು. ಪ್ರತಿ ಸಲ ಮಾನ್ವಿಯಿಂದ ಬಂದ ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ವ್ಯಾನು ಕೂಸಿನಂತೆ ಮಲ್ಲಯ್ಯನ ಮಾತು ಕೇಳುತ್ತಿತ್ತು.

"ಮೌಲಾಸಾಬ್ರೇ, ಅರಾಮ ಇದ್ದ ರೋಗಿಗೆ ಎಷ್ಟಂತ ಔಷಧಿ ಕೊಡ್ಲಿ? ಕೆಟ್ಟಾಗ ತಗೊಂಡ್ ಬರ್ರಿ."

"ಕೆಟ್ಟಾಗ ಹೆಂಗ ತರ್ಲಿ? ತಂದ್ರೂ ಇಲ್ಲಿ ನಿಲ್ಲಬೇಕಲ್ಲ!"

ಮಲ್ಲಯ್ಯ ಕೈ ಒರೆಸಿಕೊಂಡು, "ದಾರಿ ಬದಲ್ ಮಾಡಿ ನೋಡ್ರಿ" ಎಂದ.

ಮೆಕ್ಯಾನಿಕರು ಸೋತಲ್ಲಿ ಬುದ್ಧಿ ಕೆಲಸ ಮಾಡಬೇಕು. ಮೌಲಾಹುಸೇನ ಗಾದಿಗಳ ಮೇಲೆ ಅಂಗಾತ ಮಲಗಿ ಶಾಸ್ತ್ರೀಯವಾಗಿ ಯೋಚಿಸಿದ. ದೇವದುರ್ಗಕ್ಕೆ ಹೋಗುವಾಗ ವ್ಯಾನಿನಲ್ಲಿ ಇಲ್ಲದ್ದು, ಮಾನ್ವಿಗೆ ಹೋಗುವಾಗ ಇರುವುದು ಯಾವುದು? ಉತ್ತರ ಮನೆಯ ಅಡುಗೆ ಕೋಣೆಯಲ್ಲಿ ಖುಷ್ಕಾ ಅನ್ನ ಬೇಯಿಸುತ್ತಿತ್ತು. ದಿಲ್ಶಾದ್! ಅವಳ ಭಾರಕ್ಕೆ ವ್ಯಾನು ಒಂದು ಮಗ್ಗುಲಿಗೆ ವಾಲುತ್ತದೆ, ವಾಲಿದಾಗ ಆಯಿಲ್ ಎಲ್ಲ ಆ ಕಡೆಗೆ ಹರಿಯುತ್ತದೆ, ಈ ಕಡೆಯ ಗಾಲಿ ಉಪವಾಸ ಬೀಳುತ್ತದೆ. ಇಷ್ಟು ಸರಳ! ತನಗೇ ಮೆಚ್ಚುಗೆಯಾಯಿತು. ಆದರೆ ಸಾಬೀತುಪಡಿಸಲು ಅವಳ ತೂಕ ಬೇಕಿತ್ತು. ಅವಳು ಅಂಗಡಿಗೆ ಊಟದ ಡಬ್ಬಿ ತಂದಾಗ ಅರಳೆ ತೂಗುವ ಕಾಟಾವನ್ನು ಮುಂದೆ ಎಳೆದ.

"ದಿಲ್ಶಾದ್, ಇದರ ಮ್ಯಾಲ ಸ್ವಲ್ಪ ನಿಂದ್ರು."

"ಯಾಕ್ರಿ?"

"ಕಾಟಾ ಸರಿ ತೂಗ್ತದೋ ಇಲ್ಲೋ ನೋಡ್ಬೇಕು."

"ಕಲ್ಲಿಟ್ಟು ನೋಡ್ರಿ."

"ಕಲ್ಲಿನ ಮ್ಯಾಲಾನ ಅನುಮಾನ ಅದ."

"ನನ್ ಮ್ಯಾಲ ಅನುಮಾನ ಇಲ್ಲೇನು?"

ನಿಂತಳು. ಮುಳ್ಳು ಏರಿದಂತೆಲ್ಲ ಮೌಲಾಹುಸೇನನ ಮುಖದಲ್ಲಿ ವಿಜ್ಞಾನಿಯ ಸಂತೋಷ ಏರಿತು. ಆ ಸಂತೋಷವನ್ನು ಅವಳು ಬೇರೆ ರೀತಿ ಅರ್ಥ ಮಾಡಿಕೊಂಡಳು. ಊಟದ ಡಬ್ಬಿ ಬಂದ ದಾರಿಯಲ್ಲೇ ಹಿಂದಿರುಗಿತು.

ಅವಳ ತೂಕದಷ್ಟೇ ಅರಳೆ ಮೂಟೆಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಅವಕ್ಕೆ ಹಗ್ಗ ಬಿಗಿದು, ಅವನು ಯರಗೇರಾದವರೆಗೆ ಹೋಗಿ ಬಂದ. ಬ್ರೇಕು ಬಂಗಾರ. ಮೂಟೆ ಬೇರೆ, ಹೆಂಡತಿ ಬೇರೆ ಎಂದುಕೊಂಡು, ಮರುದಿನ ಮಿರ್ಚಿ ಭಜಿ ತಿನ್ನಿಸುವ ನೆಪದಲ್ಲಿ ದಿಲ್ಶಾದಳನ್ನೇ ಅದೇ ರಸ್ತೆಗೆ ಕರೆದೊಯ್ದ. ಹೋಗುವಾಗ ನಾಯಿ ಇಲ್ಲದ ಕಡೆ ನಾಯಿ ಬಂತೆಂದು, ಬರುವಾಗ ಎಮ್ಮೆ ಇಲ್ಲದ ಕಡೆ ಎಮ್ಮೆ ಬಂತೆಂದು ಬ್ರೇಕು ತುಳಿದ. ತುಳಿದಾಗೆಲ್ಲ ವ್ಯಾನು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಭಜಿ ಎಲ್ಲ ದಿಲ್ಶಾದಳ ಕಾಲಡಿ ಸೇರಿತು.

"ಏನಾಗ್ಯದ್ರಿ ನಿಮಗ? ಯಾಕ ಹಿಂಗ ಗಕ್ಕನ ನಿಲ್ಲಸಾಕತ್ತೀರಿ?"

"ಖುಷಿಗೆ" ಎಂದ ಮೌಲಾಹುಸೇನ.

ಹೀಗೆ ಹೆಂಡತಿ ನಿರ್ದೋಷಿಯಾದಳು. ಇನ್ನು ಆರೋಪಿಗಳ ಸಾಲಿನಲ್ಲಿ ಉಳಿದದ್ದು ಮಾನ್ವಿಯಲ್ಲಿರುವ ಅತ್ತೆ ಮುನವ್ವರ್ ಬೀ ಒಬ್ಬರೇ. ಅತ್ತೆ ಹತ್ತಿರವಾದಂತೆ ವ್ಯಾನು ಹೆದರುತ್ತದೆ ಎಂದು ಅವನಿಗೆ ಬಲವಾಗಿ ಅನ್ನಿಸಿತು. ಆದರೆ ಈ ಸಂಶೋಧನೆಯನ್ನು ಯಾರೆದುರೂ ಹೇಳುವಂತಿರಲಿಲ್ಲ.

ಅಕೀಕಾದ ದಿನ ಬಂತು. ಅತಿಥಿಗಳು ಕೂರಲೆಂದು ಮೌಲಾಹುಸೇನ ಹಿಂದಿನ ದಿನವೇ ಟೆಂಪೋದಲ್ಲಿ ಹೊಸ ಗಾದಿಗಳನ್ನು ಕಳಿಸಿಕೊಟ್ಟಿದ್ದ. ಬೆಳಿಗ್ಗೆ ದಿಲ್ಶಾದ್ ತವರಿಗೆ ಹೊರಡುವ ತಯಾರಿ ನಡೆಸಿದಳು. ವಾರವೆಲ್ಲ ಗಾದಿ ಹೊತ್ತ ವ್ಯಾನಿನಿಂದ ಅರಳೆ ಗುಡಿಸಿದಳು, ಗಾಜು ಒರೆಸಿದಳು, ಖೀರಿನ ಡಬ್ಬಿ ತಂದಿಟ್ಟಳು. ಆಮೇಲೆ ಟ್ರಂಕಿನಿಂದ ಅಮ್ಮನ ಕೌದಿ ತೆಗೆದಳು.

ಆ ಕೌದಿಯ ಪದ್ಧತಿ ಹೇಳದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಮಗಳ ಮದುವೆಗೆ ಮುನವ್ವರ್ ಬೀ ಸ್ವಂತ ಕೈಯಿಂದ ಹೊಲಿದುಕೊಟ್ಟ ಬಟ್ಟೆ ತುಂಡುಗಳ ಹೊದಿಕೆ ಅದು. ಮಗಳು ತವರಿಗೆ ಬಂದಾಗೆಲ್ಲ ಕೌದಿಯೂ ಬರಬೇಕು. ಮನೆತನದಲ್ಲಿ ಮದುವೆಯಾದರೆ ಮದುಮಗಳ ದುಪಟ್ಟಾದಿಂದ ಒಂದು ತುಂಡು, ಮಗು ಹುಟ್ಟಿದರೆ ಅದರ ಮೊದಲ ಅಂಗಿಯ ತುಂಡು, ಯಾರಾದರೂ ಹಜ್‌ಗೆ ಹೋಗಿ ಬಂದರೆ ಅವರ ಹಳೇ ರುಮಾಲು, ಹೀಗೆ ಪ್ರತಿ ಭೇಟಿಯಲ್ಲೂ ಮುದುಕಿ ಅದರ ಮೇಲೆ ಒಂದು ಪದರ ಕೂರಿಸಿ ಹೊಲಿದು ಕಳಿಸುತ್ತಿದ್ದರು. ಈಚೆಗೆ ಆ ಮನೆತನದಲ್ಲಿ ಮದುವೆಗೂ ತೊಟ್ಟಿಲಿಗೂ ಬಿಡುವೇ ಇರಲಿಲ್ಲ. ರಾಯಚೂರಿಗೆ ಬಂದ ಕೂಡಲೇ ದಿಲ್ಶಾದ್ ಕೌದಿಯನ್ನು ಮನೆಯೊಳಗೆ ಒಯ್ದು, ಝಾಡಿಸಿ, ಟ್ರಂಕಿಗೆ ಹಾಕುತ್ತಿದ್ದಳು. ಮತ್ತೆ ಅದು ಹೊರಗೆ ಬರುವುದು ಮುಂದಿನ ಮಾನ್ವಿ ಪ್ರಯಾಣಕ್ಕೇ.

"ಕಾಲ್ ಎತ್ರಿ" ಎಂದಳು.

ಮೌಲಾಹುಸೇನ ಕಸ ಗುಡಿಸುವಾಗ ಎತ್ತಿದಂತೆ ಕಾಲೆತ್ತಿದ. ಸೀಟಿನ ಕೆಳಗೇ ಎಂಜಿನ್ ಇರುವುದರಿಂದ ನೆಲದ ತಗಡು ಕಾಯುತ್ತಿತ್ತು, ಅವನಿಗೆ ಮೊದಲೇ ಹಿಮ್ಮಡಿ ನೋವು. ಅದಕ್ಕೆಂದೇ ದಿಲ್ಶಾದ್ ಪ್ರತಿ ಸಲ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಅವನ ಕಾಲ ಬುಡಕ್ಕೆ, ಮುಂದಿನ ತಗಡಿನವರೆಗೂ ಒತ್ತಿ ಒತ್ತಿ ಹಾಸುತ್ತಿದ್ದಳು.

"ಮೆತ್ತಗ ಆತಿಲ್ರಿ?"

"ಆತು, ಆತು. ಹತ್ತು" ಎಂದ. ಅವನ ತಲೆಯಲ್ಲಿ ಬ್ರೇಕಿನ ಚಿಂತೆ ತುಂಬಿತ್ತು.

ಊರು ದಾಟುವವರೆಗೆ ಗೇರಿನಲ್ಲೇ ಸಂಭಾಳಿಸಿದ. ಕಲ್ಲೂರಿನ ಹತ್ತಿರ ರಸ್ತೆಯ ಹಂಪ್ ಕಂಡಿತು. ತುಳಿದ. ಮೆತ್ತಗೆ ಇಳಿಯಿತು, ಮೆತ್ತಗೆ ತಡೆ ಹಿಡಿಯಿತು, ವ್ಯಾನು ಮಾತ್ರ ತನ್ನ ಪಾಡಿಗೆ ಹೋಗಿ ಹಂಪ್ ಮೇಲಿಂದ ಹಾರಿತು. ಖೀರಿನ ಮುಚ್ಚಳ ಎದ್ದು ದಿಲ್ಶಾದಳ ಬುರ್ಖಾದ ಮೇಲೆ ಬಿತ್ತು, ಅದರ ಹಿಂದೆಯೇ ಸ್ವಲ್ಪ ಖೀರೂ ಬಂತು.

"ಹಂಪ್ ಇತ್ತಲ್ರಿ!"

"ಹೌದಾ?"

"ಕಾಣಲಿಲ್ಲೇನು?"

"ಹೊತ್ತಾಗ್ಯದ ಅಂತ ಸ್ವಲ್ಪ ಜೋರ್ ಬಿಟ್ಟೆ."

ಮುಂದೆ ನೀರಮಾನ್ವಿ ಇನ್ನೂ ದೂರವಿರುವಾಗ ರಸ್ತೆಯ ತುಂಬ ಕುರಿಗಳು ಬಂದವು. ಹಿಂಡಿನ ಮುಂದೆ ಕಂಬಳಿ ಹೊತ್ತ ಒಬ್ಬ ಅಜ್ಜ ಕೋಲೆತ್ತಿ, ನಿಲ್ಲಿಸು ಎಂದು ಸನ್ನೆ ಮಾಡಿದ. ಮೌಲಾಹುಸೇನನಿಗೆ ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುವ ಮನಸ್ಸಿತ್ತು. ಹಾರನ್ ಒತ್ತಿದ. ಕುರಿಗಳು ಇನ್ನಷ್ಟು ಹರಡಿಕೊಂಡವು. ಬೇರೆ ದಾರಿ ಕಾಣದೆ ಸ್ಟೇರಿಂಗ್ ತಿರುಗಿಸಿ, ಪಕ್ಕದ ಕೊಯ್ದ ಜೋಳದ ಹೊಲಕ್ಕೆ ಇಳಿದ. ಹೊಲದಲ್ಲಿ ಒಂದು ದೊಡ್ಡ ಸುತ್ತು ಹಾಕಿ, ಕೂಳೆಗಳ ಮೇಲೆ ಗಡಗಡ ನಡುಗುತ್ತ, ಹಿಂಡಿನ ಆಚೆಗೆ ಮತ್ತೆ ರಸ್ತೆ ಹತ್ತಿದ.

"ಯಪ್ಪಾ, ದಾರಿ ಇಲ್ಲೇ ಅದ! ಹೊಲಕ್ಕ ಯಾಕ ಹೊಂಟಿ?" ಎಂದು ಅಜ್ಜ ಹಿಂದಿನಿಂದ ಕೂಗಿದ.

ದಿಲ್ಶಾದಳ ಪ್ರಶ್ನೆಯೂ ಅದೇ ಆಗಿತ್ತು. "ಹೊಲದಾಗ ಯಾಕ ಹೋದ್ರಿ?"

ಮೌಲಾಹುಸೇನ ಬೆವರು ಒರೆಸಿಕೊಂಡ. "ಗಾಳಿ ಚಲೋ ಅದ."

ಅವಳು ಕಿಟಕಿಯ ಕಡೆ ತಿರುಗಿ ಖೀರಿನ ಡಬ್ಬಿಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು. ಮೌಲಾಹುಸೇನ ಮನಸ್ಸಿನಲ್ಲೇ ಅಪ್ಪನನ್ನು ನೆನೆದ. ಅಬ್ಬಾ, ಇವತ್ತೊಂದು ದಿನ ನಿಲ್ಲಿಸಿಕೊಡು, ನಿನ್ನ 'ರ' ಅಕ್ಷರದ ಆಣೆ, ಇನ್ನು ಮುಂದೆ ಯಾರ ಮುಂದೂ ಜಂಬ ಕೊಚ್ಚುವುದಿಲ್ಲ.

ಮಾವನ ಮನೆಯ ಓಣಿ ತಿರುಗಿದಾಗ ಕಂಡದ್ದು ಇಷ್ಟು: ಬಾಗಿಲ ಮುಂದೆ ಬೆಳ್ಳಗಿನ ಸುಣ್ಣದ ಗೆರೆ, ಅದರಾಚೆ ಶಾಮಿಯಾನ, ಶಾಮಿಯಾನದ ಬಾಯಲ್ಲಿ ಇನ್ನೂ ಹಾಸದೆ ಪೇರಿಸಿಟ್ಟ ಅವನದೇ ಗಾದಿಗಳು. ಓಣಿಯ ಎರಡೂ ಕಡೆ ನೆಂಟರು ಸಾಲಾಗಿ ನಿಂತಿದ್ದರು. ಕರಾರು ಗಂಡಸರ ನಡುವಿನದು ಮಾತ್ರ ಎಂದುಕೊಂಡ ಪರ್ವೇಜ್ ಅದನ್ನು ಗಂಡಸರೆಲ್ಲರಿಗೂ ಹೇಳಿದ್ದ, ಅವರು ತಮ್ಮ ತಮ್ಮ ಹೆಂಡಂದಿರಿಗೆ ಹೇಳಿದ್ದರು.

ಮೌಲಾಹುಸೇನ ಮೊದಲ ಗೇರಿಗೆ ಬಂದ. ತುಳಿದ. ಎರಡೂ ಕಾಲಿನಿಂದ ತುಳಿದ. ಸೀಟಿನಿಂದ ಎದ್ದು, ಛಾವಣಿಗೆ ತಲೆ ಒತ್ತಿ, ಇಡೀ ಮೈಭಾರ ಹಾಕಿ ತುಳಿದ. ವ್ಯಾನು ಗೆರೆಯನ್ನು ಸಾವಕಾಶ ದಾಟಿತು. ಶಾಮಿಯಾನದ ಒಂದು ಹಗ್ಗವನ್ನು ಜೊತೆಗೆ ಕರೆದುಕೊಂಡಿತು. ಹೋಗಿ ಗಾದಿಗಳ ರಾಶಿಯೊಳಗೆ ಮುಖ ಹೂತು, "ಫುಸ್" ಎಂದು ಉಸಿರು ಬಿಟ್ಟು ನಿಂತಿತು. ಎಂಜಿನ್ ಬಂದಾಯಿತು. ಮೇಲಿನ ಗಾದಿಯೊಂದು ಜಾರಿ ಗಾಜಿನ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅರಳೆ ಉತ್ತಮ ದರ್ಜೆಯದಾಗಿತ್ತು.

ಪರ್ವೇಜ್ ಕಿಟಕಿಯ ಹತ್ತಿರ ಬಂದು ಕಪ್ಪು ಕನ್ನಡಕ ಸರಿಪಡಿಸಿಕೊಂಡು ಅಂಗೈ ಚಾಚಿದ. "ಚಾವಿ, ದುಲ್ಹೇಭಾಯಿ."

"ಯಾವ ಚಾವಿ? ಯಾಕ?" ಎಂದಳು ದಿಲ್ಶಾದ್.

ಅಷ್ಟರಲ್ಲಿ ನೆಂಟರನ್ನು ಸರಿಸಿಕೊಂಡು ಮುನವ್ವರ್ ಬೀ ಬಂದರು. ಗೆರೆ, ಗಾದಿ, ಕರಾರು ಯಾವುದರ ಗೊಡವೆಯೂ ಅವರಿಗಿರಲಿಲ್ಲ. ಮಗಳು ಬಂದಾಗ ಅವರ ಮೊದಲ ಮಾತು ಯಾವಾಗಲೂ ಒಂದೇ. "ನನ್ ಕೌದಿ ಎಲ್ಯದ? ಕೂಸಿನ ಅಂಗಿ ತುಂಡು ಕತ್ತರಿಸಿ ಇಟ್ಟೀನಿ." ಬಗ್ಗಿ ನೋಡಿದರು. "ಕಾಲ್ ತಗಿ ಬೇಟಾ."

ಮೌಲಾಹುಸೇನ ಕಾಲು ತೆಗೆಯಲಿಲ್ಲ. ಅವನಿನ್ನೂ ಬ್ರೇಕಿನ ಮೇಲೆ ನಿಂತಂತೆಯೇ ಇದ್ದ. ಮುದುಕಿ ಕೌದಿಯ ಅಂಚು ಹಿಡಿದು ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಮೂರನೇ ಸಲ ಕೌದಿ ಸರ್ರನೆ ಹೊರಗೆ ಬಂತು.

ಮೌಲಾಹುಸೇನನ ಕಾಲು ಕೆಳಗಿಳಿಯಿತು. ಇಷ್ಟು ದಿನ ಮಾನ್ವಿ ದಾರಿಯಲ್ಲಿ ಎಂದೂ ಇಳಿಯದ ಆಳಕ್ಕೆ ಇಳಿದು, ಗಟ್ಟಿಯಾಗಿ, ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದಂತೆ ನಿಂತಿತು. ಅವನು ಕಾಲನ್ನೇ ನೋಡಿದ. ಅತ್ತೆಯ ತೋಳಿನಲ್ಲಿದ್ದ ಕೌದಿಯನ್ನು ನೋಡಿದ. ಅದರ ದಪ್ಪ ನೋಡಿದ. ಎಲ್ಲ ಗೊತ್ತಾಯಿತು. ಹೆಂಡತಿಯ ತವರು ಬೆಳೆದಂತೆಲ್ಲ ಅವನ ಬ್ರೇಕು ಬಡವಾಗಿತ್ತು. ಮಲ್ಲಯ್ಯ ತೆಗೆದದ್ದು ಬರೀ ಗಾಳಿ.

ಹೇಳಬೇಕೆಂದು ಬಾಯಿ ತೆರೆದ. ಅತ್ತೆ ಆಗಲೇ ಕೌದಿಯನ್ನು ಎದೆಗೆ ಒತ್ತಿಕೊಂಡು ಹೆಂಗಸರಿಗೆ ತೋರಿಸುತ್ತಿದ್ದರು. "ನೋಡ್ರಿ, ನೋಡ್ರಿ. ಉಳಿದ ಅಳಿಯಂದ್ರು ಅತ್ತಿ ಕೊಟ್ಟ ಕೌದಿ ನಾಯಿಗೆ ಹಾಸ್ತಾರ. ನನ್ ಮೌಲಾ ಮಾನ್ವಿಗೆ ಬರಾಗೆಲ್ಲಾ ಜೋಡಿ ತಗೊಂಡ್ ಬರ್ತಾನ. ಒಂದ್ ದಿನಾ ಬಿಟ್ಟಿಲ್ಲ." ಅವರ ಕಣ್ಣಲ್ಲಿ ನೀರಿತ್ತು.

ಒಂದು ಕಡೆ ಅಪ್ಪನ ವ್ಯಾನು. ಇನ್ನೊಂದು ಕಡೆ ಆ ನೀರು. 'ತಪ್ಪು ಬ್ರೇಕಿನದಲ್ಲ, ನಿಮ್ಮ ಕೌದಿಯದು' ಎಂದು ಇಷ್ಟು ಜನರ ನಡುವೆ ಹೇಳಿದರೆ ವ್ಯಾನು ಉಳಿಯುತ್ತದೆ, ಮುದುಕಿ ಮತ್ತೆ ಸೂಜಿ ಹಿಡಿಯುವುದಿಲ್ಲ. ಮೌಲಾಹುಸೇನ ಬಾಯಿ ಮುಚ್ಚಿದ. ಚಾವಿ ಕಿತ್ತು ಪರ್ವೇಜನ ಅಂಗೈಯಲ್ಲಿಟ್ಟು, ಕೆಳಗಿಳಿದು, ಹಿಂದಿನ 'ರ' ಅಕ್ಷರದ ಮೇಲೆ ಒಮ್ಮೆ ಕೈಯಾಡಿಸಿ ಪಕ್ಕಕ್ಕೆ ನಿಂತ. ಅವನಿಗೆ ಅಳು ಬಂದಿತ್ತು.

ಪರ್ವೇಜ್ ಗತ್ತಿನಿಂದ ಹತ್ತಿ ಕೂತ. ಜನ ವ್ಯಾನನ್ನು ಗಾದಿಯಿಂದ ಹಿಂದಕ್ಕೆ, ಓಣಿಯ ತುದಿಯವರೆಗೂ ಎಳೆದರು. ಮತ್ತೆ ಮುಂದಕ್ಕೆ ತಳ್ಳಿ ಎಂಜಿನ್ ಶುರು ಮಾಡಿಸಿದರು. "ಇದಕ್ಕ ಬ್ರೇಕ್ ಅಂತಾರೇನ್ರಿ ಯಾರಾರ?" ಎನ್ನುತ್ತ ಪರ್ವೇಜ್ ಜೋರಾಗಿ ಬಂದು, ಗೆರೆಯ ಹತ್ತಿರ ತಮಾಷೆಗೆಂದು ಎರಡೂ ಕಾಲಿನಿಂದ ತುಳಿದ.

ವ್ಯಾನು ಗೆರೆಯ ಮೇಲೆ ನಿಂತಿತು. ಪರ್ವೇಜ್ ನಿಲ್ಲಲಿಲ್ಲ. ಅವನ ಹಣೆ ಗಾಜಿಗೆ ಬಡಿಯಿತು, ಕಪ್ಪು ಕನ್ನಡಕ ಕಿಟಕಿಯಿಂದ ಹಾರಿ ಬಿರಿಯಾನಿ ಹಂಡೆಯ ಹತ್ತಿರ ಬಿತ್ತು. ಹಿಂದೆ 'ರ' ಕೆಂಪಗೆ ಹೊಳೆಯಿತು.

ಪರ್ವೇಜ್ ಹಣೆ ಉಜ್ಜಿಕೊಳ್ಳುತ್ತ ಇಳಿದು ಬಂದ. ಕರಾರಿನ ಮನುಷ್ಯ, ಸುಳ್ಳು ಹೇಳಲಿಲ್ಲ.

"ಬ್ರೇಕ್ ಚಲೋ ಅದ. ನನ್ ಶೋರೂಮಿನ ಗಾಡಿಗಳಿಗೂ ಇಂಥಾ ಬ್ರೇಕ್ ಇಲ್ಲ. ತಗೋರಿ ಚಾವಿ, ಗೆದ್ದೀರಿ." ಆಮೇಲೆ ದನಿ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಕೇಳಿದ: "ದುಲ್ಹೇಭಾಯಿ, ಮತ್ತ ನೀವು ಇಷ್ಟು ದಿನಾ ಯಾವುದು ತುಳೀತಿದ್ರಿ?"

ಓಣಿಯೆಲ್ಲ ನಕ್ಕಿತು. ನೆಂಟರು ಊಟ ಮುಗಿಯುವವರೆಗೂ ಒಬ್ಬೊಬ್ಬರಾಗಿ ಬಂದು ಮೌಲಾಹುಸೇನನಿಗೆ ಬಲಗಾಲು ಯಾವುದು, ಎಡಗಾಲು ಯಾವುದು ಎಂದು ಪ್ರೀತಿಯಿಂದ ಹೇಳಿಕೊಟ್ಟರು. ಅವನು ಎಲ್ಲದಕ್ಕೂ ತಲೆಯಾಡಿಸಿದ. ವ್ಯಾನು ಉಳಿದಿತ್ತು, ಮಾನ ಹೋಗಿತ್ತು, ಕೌದಿಯ ಗುಟ್ಟು ಹೊಟ್ಟೆಯಲ್ಲಿತ್ತು. ಬಿರಿಯಾನಿ ಸೇರಲಿಲ್ಲ.

ಮಧ್ಯಾಹ್ನ ಮುನವ್ವರ್ ಬೀ ಕೂಸಿನ ಅಂಗಿಯ ತುಂಡನ್ನು ಹೊಲಿಯಲು ಕೌದಿ ಬಿಚ್ಚಿ ಹಾಸಿದರು. ಬೆರಳು ಒಂದು ಕಡೆ ನಿಂತಿತು. "ದಿಲ್ಶಾದ್, ಇಲ್ಲಿ ನೋಡು. ಚೌಕ ಆಗಿ ಸವದದ. ಒಳಗ ಗೆರಿ ಗೆರಿ ಬಿದ್ದಾವ. ಯಾಕಿದು?"

ದಿಲ್ಶಾದ್ ಆ ಚೌಕವನ್ನು ನೋಡಿದಳು. ಎದ್ದು ಹೊರಗೆ ಹೋಗಿ, ವ್ಯಾನಿನ ಬಾಗಿಲು ತೆರೆದು ಬಗ್ಗಿ, ಬ್ರೇಕಿನ ಪೆಡಲನ್ನು ನೋಡಿದಳು. ಅದೂ ಚೌಕ, ಅದರಲ್ಲೂ ಗೆರೆ. ವಾಪಸ್ಸು ಬಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಗಂಡನನ್ನು ನೋಡಿದಳು. ಚಾವಿ ಕೊಟ್ಟಾಗಿನ ಅವನ ಮುಖ ನೆನಪಾಯಿತು. ನಗು, ಸಿಟ್ಟು, ಅಕ್ಕರೆ ಒಟ್ಟಿಗೇ ಬಂದು ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಏನಿಲ್ಲಮ್ಮಾ. ಅವರ ಹಿಮ್ಮಡಿ ತಿಕ್ಕಿ ಸವದದ" ಎಂದಳು.

"ಅಯ್ಯ, ಹೌದಾ? ಬೇಟಾನ ಕಾಲಿಗೆ ಒತ್ತತಿರಬೇಕು. ತಡಿ" ಎಂದ ಮುನವ್ವರ್ ಬೀ, ಅಳಿಯ ಕಳಿಸಿದ್ದ ಗಾದಿಯೊಂದರ ಹೊಲಿಗೆ ಬಿಚ್ಚಿ, ಹಿಡಿ ತುಂಬ ಉತ್ತಮ ದರ್ಜೆಯ ಅರಳೆ ತೆಗೆದು, ಸರಿಯಾಗಿ ಆ ಚೌಕದ ಜಾಗಕ್ಕೇ ತುಂಬಿ, ಮೇಲೊಂದು ಮಖಮಲ್ಲಿನ ತುಂಡು ಇಟ್ಟು ಬಿಗಿಯಾಗಿ ಹೊಲಿದರು.

ಸಂಜೆ ಹೊರಡುವಾಗ ಅವರೇ ವ್ಯಾನಿನವರೆಗೆ ಬಂದರು. ಯಾರ ಕೈಗೂ ಕೊಡದೆ, ಸ್ವತಃ ಬಗ್ಗಿ, ಅಳಿಯನ ಕಾಲ ಬುಡಕ್ಕೆ ಕೌದಿಯನ್ನು ಒತ್ತಿ ಒತ್ತಿ ಹಾಸಿದರು. "ಮೆತ್ತಗ ಆತಾ ಬೇಟಾ?"

"ಬಾಳ ಮೆತ್ತಗ ಆತಮ್ಮಾ" ಎಂದ ಮೌಲಾಹುಸೇನ.

ಜನ ತಳ್ಳಿದರು. ವ್ಯಾನು ಹೊರಟಿತು. ಓಣಿ ಮರೆಯಾಗಿ, ಊರು ಮರೆಯಾಗಿ, ನೀರಮಾನ್ವಿಯೂ ಹಿಂದೆ ಬಿತ್ತು. ಆಮೇಲೆ ದಿಲ್ಶಾದ್ ಕನ್ನಡದಲ್ಲಿ ಶುರು ಮಾಡಿದಳು.

"ನಿಮ್ ಕೈ ಸುಳ್ಳ ಹೇಳಂಗಿಲ್ಲ ಅಂತೀರಿ. ಇಷ್ಟು ದಿನಾ ಕಾಲು ಏನ್ ಹೇಳ್ತಿತ್ರಿ?"

"ಗಾದಿ ಇದ್ದಂಗ ಅದ ಅಂತ ಹೇಳ್ತಿತ್ತು."

"ಮತ್ತ?"

"ಮಲ್ಲಯ್ಯ ಗಾಳಿ ಅಂದ."

"ಮಲ್ಲಯ್ಯಗ ಹೇಳಿದ್ರಿ, ಪರ್ವೇಜಗ ಹೇಳಿದ್ರಿ. ನನ್ನ ಕಾಟಾದ ಮ್ಯಾಲ ನಿಲ್ಲಿಸಿದ್ರಿ. ಬಾಜೂಕ ಕುಂತಾಕಿಗೆ ಬ್ರೇಕ್ ಹಿಡಿಯಾಕತ್ತಿಲ್ಲ ಅಂತ ಒಂದ್ ಮಾತು ಹೇಳಾಕ ಏನಾಗಿತ್ತು? ಹಾಸಾಕಿ ನಾನಲ್ಲೇನು!"

ಗಾದಿ ಪಂಡಿತ ಮೌಲಾಹುಸೇನ ತಲೆ ತಗ್ಗಿಸಿದ. ರಸ್ತೆ ನೋಡಬೇಕೆಂದು ನೆನಪಾಗಿ ಮತ್ತೆ ಎತ್ತಿದ. "ತಪ್ಪಾತು."

"ಇರ್ಲಿ. ಅಮ್ಮನ ಮುಂದ ಬಾಯಿ ಬಿಡಲಿಲ್ಲಲ್ಲ, ಅದಕ್ಕ ಮಾಫ್. ಗಾಡಿ ನಿಲ್ಲಸ್ರಿ, ಕೌದಿ ತಗೀತೀನಿ."

"ಕೌದಿ ತಗಿ, ನಿಲ್ಲಸ್ತೀನಿ."

"ಹೋಗೋ ಗಾಡ್ಯಾಗ ನಿಮ್ ಕಾಲ್ ಬುಡಕ ಹೆಂಗ ಕೈ ಹಾಕ್ಲಿ? ಮೊದ್ಲ ನಿಲ್ಲಸ್ರಿ."

"ಮೊದ್ಲ ನೀ ತಗಿ."

"ಎಂಜಿನ್ ಬಂದ್ ಮಾಡ್ರಿ ಮತ್ತ!"

"ಮಾಡ್ಲಿ? ತಳ್ಳಾಕ ನೀ ಒಬ್ಬಾಕಿ ಅದಿ."

ಅವಳು ತಳ್ಳುವುದನ್ನು ಕಲ್ಪಿಸಿಕೊಂಡು ಖೀರಿನ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ಅಷ್ಟರಲ್ಲಿ ಎದುರಿಗೆ ಅದೇ ಕುರಿ ಹಿಂಡು ಬಂತು, ಅದೇ ಕಂಬಳಿಯ ಅಜ್ಜ. ದೂರದಿಂದಲೇ ವ್ಯಾನಿನ ಗುರುತು ಹಿಡಿದು ಅವನು ಕುರಿಗಳನ್ನು ರಸ್ತೆಯಲ್ಲೇ ಬಿಟ್ಟು, ಹೊಲದ ಕಡೆ ಕೈ ತೋರಿಸಿ ದಾರಿ ಬಿಟ್ಟುಕೊಟ್ಟ. ಮೌಲಾಹುಸೇನ ಸ್ಟೇರಿಂಗ್ ತಿರುಗಿಸಿದ. ವ್ಯಾನು ಬೆಳಗಿನ ಸುತ್ತಿನ ಗುರುತಿನ ಮೇಲೆಯೇ ಇನ್ನೊಂದು ಸುತ್ತು ಹೊರಟಿತು.

"ಮತ್ತ ಯಾಕ ಯಪ್ಪಾ ಹೊಲಕ್ಕ?" ಎಂದು ನಗುತ್ತ ಕೂಗಿದ ಅಜ್ಜ.

ಮೌಲಾಹುಸೇನ ಬಾಯಿ ತೆರೆಯುವ ಮೊದಲೇ ದಿಲ್ಶಾದ್ ಖಾಲಿ ಖೀರಿನ ಡಬ್ಬಿಯನ್ನು ಅಪ್ಪಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಗಾಳಿ ಚಲೋ ಅದ ಯಜ್ಜಾ!"